ತಾರೀಖಿಗೂ ಸಾಕ್ಷಿ ಬೇಕು



2024ರ ಬೇಸಿಗೆಯಲ್ಲಿ ನಮ್ಮ ವಾಚನಾಲಯದ ಹುಡುಗರು ಊರ ಸೀಮೆಯ ಚರಿತ್ರೆಯನ್ನೆಲ್ಲಾ ಒಂದು ಪಟ್ಟಿ ಮಾಡಬೇಕು ಅಂತ ಹೊರಟರು. ಕಾಗದದಲ್ಲಿ ಬೇಡ, ಗೆದ್ದಲು ತಿನ್ನುತ್ತೆ, ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಇಡೋಣ ಅಂದರು. ಒಂದು ಕಾಲಂನಲ್ಲಿ ತಾರೀಖು, ಪಕ್ಕದ ಕಾಲಂನಲ್ಲಿ ನಡೆದ ಸಂಗತಿ. ಹೇಳೋನು ನಾನು, ಬರೆಯೋರು ಅವರು. ಸ್ವಾತಂತ್ರ್ಯ ಬಂದದ್ದು 15-8-1947. ಆಂಧ್ರ ರಾಜ್ಯ ಆದದ್ದು 1-10-1953. ಆಂಧ್ರಪ್ರದೇಶ ಆದದ್ದು 1-11-1956. ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ ಆದದ್ದು 4-4-2022. ಆಮೇಲೆ ನೆನಪಾಗಿ, ಮನ್ರೋ ದೊರೆ ಸತ್ತದ್ದನ್ನೂ ಹಾಕ್ರಪ್ಪ ಅಂದೆ. ಈ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಯವರಿಗೆ ಬಿಟ್ಟುಕೊಟ್ಟಾಗ ಇಲ್ಲಿ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ರೈತವಾರಿ ಪಟ್ಟಾ ಇಲ್ಲಿ ಬೇರು ಬಿಟ್ಟದ್ದು ಅವರ ಕಾಲದಲ್ಲಿ. ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಹೋದರು. ಹುಡುಗ 6-7-1827 ಅಂತ ಒತ್ತಿದ.

ಎಲ್ಲಾ ಬರೆದಾದ ಮೇಲೆ ಹಳೇದು ಮೇಲೆ, ಹೊಸದು ಕೆಳಗೆ ಬರೋ ಹಂಗೆ ಜೋಡಿಸು ಅಂದೆ. ಹುಡುಗ ಒಂದು ಗುಂಡಿ ಒತ್ತಿದ. ನೋಡಿದರೆ ಮನ್ರೋ ದೊರೆ ಎಲ್ಲರಿಗಿಂತ ಕೆಳಗೆ, 2022ರ ಜಿಲ್ಲೆಯ ಕಾಲ ಬುಡದಲ್ಲಿ ಹೋಗಿ ಕೂತಿದ್ದಾರೆ! ಇನ್ನೂ ಒಂದು ವಿಚಿತ್ರ ಅಂದ್ರೆ, ಮಿಕ್ಕ ತಾರೀಖೆಲ್ಲಾ ಮನೆಯ ಬಲಗಡೆ ಗೋಡೆಗೆ ಒರಗಿದ್ದವು, ಮನ್ರೋ ತಾರೀಖು ಒಂದೇ ಎಡಗಡೆಗೆ ಒರಗಿತ್ತು.

"ತಾತ, ಕಂಪ್ಯೂಟರಿಗೆ ತಪ್ಪಾಗಲ್ಲ, ನೀವೇ ತಾರೀಖು ತಪ್ಪು ಹೇಳಿರಬೇಕು" ಅಂದ ಹುಡುಗ. ನಾನು ಏಳನೇ ಕ್ಲಾಸು ಓದಿದವನು, ಜಗಳ ಆಡಲಿಲ್ಲ. ಆದರೆ ತಾರೀಖು ಅನ್ನೋದರ ಹಿಂದೆ ಬಿದ್ದೆ. ಹೈಸ್ಕೂಲ್ ಮೇಷ್ಟ್ರನ್ನ ಕೇಳಿದೆ, ಪಂಚಾಂಗ ನೋಡೋ ಅಯ್ಯನವರನ್ನ ಕೇಳಿದೆ, ಪುಸ್ತಕ ತೆರೆದೆ. ತಿಳಿದದ್ದನ್ನ ಇಲ್ಲಿ ಬರೀತಾ ಇದ್ದೀನಿ.

ಮೊದಲು ನಮ್ಮ ಹಿರಿಯರು ತಾರೀಖು ಹೇಗೆ ಬರೀತಿದ್ದರು ಅಂತ ನೋಡೋಣ. ನಮ್ಮ ಪಕ್ಕದ ಲೇಪಾಕ್ಷಿಯಲ್ಲಿ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಅಚ್ಯುತರಾಯ ಆಳಿದ್ದು 1529ರಿಂದ 1542. ಮಡಕಶಿರಾ ಕಡೆ ಹೇಮಾವತಿಗೆ ಹೋದರೆ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ವಿಜಯನಗರದ ಕಾಲದ ಯಾವ ದಾನಶಾಸನ ನೋಡಿದರೂ ತಾರೀಖಿನ ವರಸೆ ಹೆಚ್ಚುಕಡಿಮೆ ಒಂದೇ. ಮೊದಲು ಶಕವರ್ಷದ ಸಂಖ್ಯೆ. ಆಮೇಲೆ ಸಂವತ್ಸರದ ಹೆಸರು. ಆಮೇಲೆ ಮಾಸ. ಆಮೇಲೆ ಶುದ್ಧವೋ ಬಹುಳವೋ ಅನ್ನೋ ಪಕ್ಷ. ಆಮೇಲೆ ತಿಥಿ. ಬಹಳ ಶಾಸನಗಳಲ್ಲಿ ಕೊನೆಗೆ ವಾರ. ಗ್ರಹಣವೋ ಸಂಕ್ರಮಣವೋ ಇದ್ದರೆ ಅದೂ. ದೊಡ್ಡದರಿಂದ ಚಿಕ್ಕದಕ್ಕೆ, ಊರು, ಬೀದಿ, ಮನೆ ಅನ್ನೋ ಹಂಗೆ ಇಳಿದು ಬರ್ತಾರೆ.

ಈ ಶಕವರ್ಷ ಅನ್ನೋದು ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಬಾದಾಮಿಯ ಬಂಡೆಯ ಮೇಲೆ ಮೊದಲನೇ ಪುಲಕೇಶಿಯ ಶಾಸನ ಇದೆ, ಶಕ 465. ಅಂದ್ರೆ ಇಂಗ್ಲಿಷು ಇಸವಿ 543. ಶಕಕ್ಕೆ 78 ಕೂಡಿಸಿದರೆ ಇಸವಿ ಬರುತ್ತೆ. ಆದರೆ ಪುಷ್ಯದ ಕೊನೆ, ಮಾಘ, ಫಾಲ್ಗುಣ ಮಾಸಗಳು ಸಾಮಾನ್ಯವಾಗಿ ಜನವರಿ ದಾಟಿದ ಮೇಲೆ ಬರೋದರಿಂದ ಅಲ್ಲಿ 79 ಕೂಡಿಸಬೇಕು. ಯುಗಾದಿಗೆ ವರ್ಷ ತಿರುಗೋ ಲೆಕ್ಕಕ್ಕೂ ಜನವರಿಗೆ ತಿರುಗೋ ಲೆಕ್ಕಕ್ಕೂ ಇರೋ ವ್ಯತ್ಯಾಸ ಅದು.

ತಾರೀಖು ಇಲ್ಲದ ಶಾಸನದ ಪಾಡು ಏನು ಅಂತ ತಿಳಿಯಬೇಕಾದರೆ ಹಲ್ಮಿಡಿ ಶಾಸನ ನೋಡಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಅಂತ ಎಲ್ಲಾ ಮಕ್ಕಳೂ ಓದ್ತಾರೆ. ಅದರಲ್ಲಿ ಶಕವರ್ಷ ಬರೆದಿಲ್ಲ. ಅದಕ್ಕೇ ವಿದ್ವಾಂಸರು ಅಕ್ಷರದ ರೂಪ ನೋಡಿ, ಭಾಷೆ ನೋಡಿ, ಸುಮಾರು 450 ಅಂತಾರೆ. ಸುಮಾರು ಅನ್ನೋ ಮಾತು ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಬಗೆಯೂ ಇತ್ತು. ಸಂಖ್ಯೆಯನ್ನು ಅಂಕಿಯಲ್ಲಿ ಹಾಕದೆ ಮಾತಿನಲ್ಲಿ ಹೇಳೋದು. ಚಂದ್ರ ಅಂದ್ರೆ ಒಂದು, ನೇತ್ರ ಅಂದ್ರೆ ಎರಡು, ವೇದ ಅಂದ್ರೆ ನಾಲ್ಕು, ಬಾಣ ಅಂದ್ರೆ ಐದು. ರಾಮ ಅಂದ್ರೆ ಮೂರು, ಯಾಕಂದ್ರೆ ಪರಶುರಾಮ, ದಶರಥರಾಮ, ಬಲರಾಮ ಅಂತ ಮೂವರು. ಆದರೆ ಓದೋದು ಹಿಂದುಮುಂದು. "ರಾಮ ಬಾಣ ವೇದ ಚಂದ್ರ" ಅಂತ ಯಾರಾದರೂ ಬರೆದರೆ 3541 ಅಲ್ಲ, 1453. ಶಕ 1453 ಅಂದ್ರೆ ಇಸವಿ 1531-32, ಅಚ್ಯುತರಾಯನ ಕಾಲ. ಕ್ರಮ ಗೊತ್ತಿಲ್ಲದವನು ಓದಿದರೆ ಇನ್ನೂ ಹುಟ್ಟದೇ ಇರೋ ರಾಜನ ಕಾಲ ಆಗುತ್ತೆ. ಟಿಪ್ಪು ಸುಲ್ತಾನ್ ಕೂಡ ಮೌಲೂದಿ ಅಂತ ತನ್ನದೇ ಹೊಸ ಶಕೆ ತಂದ. ಆ ಶಕೆಯ ನಾಣ್ಯಗಳ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಹಂಗಾಗಿ ತಾರೀಖನ್ನು ಯಾವ ಕಡೆಯಿಂದ ಓದಬೇಕು ಅನ್ನೋ ತಕರಾರು ಕಂಪ್ಯೂಟರು ತಂದ ಹೊಸ ತಕರಾರಲ್ಲ. ಅದು ಹಳೇ ಕಾಯಿಲೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ಶಕವರ್ಷದ ಸಂಖ್ಯೆ ಹೇಳಿದ ಮೇಲೆ ಸಂವತ್ಸರದ ಹೆಸರು ಯಾಕೆ ಬೇಕು? ತಿಥಿ ಹೇಳಿದ ಮೇಲೆ ವಾರ ಯಾಕೆ ಬೇಕು? ಕಲ್ಲು ಕೆತ್ತೋದು ಸುಲಭದ ಕೆಲಸವಲ್ಲ, ಒಂದೊಂದು ಅಕ್ಷರಕ್ಕೂ ಬೆವರು ಬೇಕು. ಆದರೂ ಕೆತ್ತಿಸಿದ್ದಾರೆ. ಇದಕ್ಕೆ ಉತ್ತರ ಹಂಪೆಯಲ್ಲಿದೆ.

ಹಂಪೆಯ ವಿರೂಪಾಕ್ಷ ದೇವಸ್ಥಾನದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ ಶಾಸನ ಇದೆ. ಅದರಲ್ಲಿ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಅಂತ ಇದೆ. ರಾಬರ್ಟ್ ಸೀವೆಲ್ ಅನ್ನೋ ಇಂಗ್ಲಿಷು ಅಧಿಕಾರಿ ವಿಜಯನಗರದ ಚರಿತ್ರೆ ಬರೆದು 1900ರಲ್ಲಿ ಅಚ್ಚು ಹಾಕಿಸಿದ. ಆತ ಈ ತಾರೀಖನ್ನು ಲೆಕ್ಕ ಹಾಕಿ ನೋಡಿದ. ಶುಕ್ಲ ಸಂವತ್ಸರ ಶಕ 1430ಕ್ಕೆ ಕೂಡಲ್ಲ, ಶಕ 1431ಕ್ಕೆ ಕೂಡುತ್ತೆ. ಎರಡರಲ್ಲಿ ಒಂದು ತಪ್ಪು. ಸಂವತ್ಸರದ ಹೆಸರು ಸರಿ, ಸಂಖ್ಯೆ ತಪ್ಪು ಅಂದುಕೊಂಡರೆ ಅದು 1510ರ ಜನವರಿ 23 ಅಥವಾ 24. ಸಂಖ್ಯೆ ಸರಿ ಅಂದುಕೊಂಡರೆ ಒಂದು ವರ್ಷ ಹಿಂದೆ.

ಬರೆದವನೋ ಕೆತ್ತಿದವನೋ ಎಲ್ಲೋ ಎಡವಿದ್ದಾನೆ. ಆದರೆ ಎಡವಿದ್ದು ನಮಗೆ ಹೇಗೆ ಗೊತ್ತಾಯಿತು? ಎರಡು ಸಾಕ್ಷಿ ಇದ್ದದ್ದಕ್ಕೆ ಗೊತ್ತಾಯಿತು. ಬರೀ ಶಕ 1430 ಅಂತ ಇದ್ದಿದ್ದರೆ ಯಾರೂ ಕೇಳ್ತಾ ಇರಲಿಲ್ಲ, ಹಂಗೇ ನಂಬ್ತಿದ್ವಿ. ಹೊಲ ಕೊಂಡಾಗ ಪತ್ರಕ್ಕೆ ಇಬ್ಬರು ಸಾಕ್ಷಿ ಹಾಕಿಸ್ತೀವಲ್ಲ, ಹಂಗೇ ನಮ್ಮ ಹಿರಿಯರು ತಾರೀಖಿಗೂ ಸಾಕ್ಷಿ ಹಾಕಿಸಿದ್ದಾರೆ. ಸಂವತ್ಸರ ಒಂದು ಸಾಕ್ಷಿ, ವಾರ ಇನ್ನೊಂದು, ಗ್ರಹಣ ಮತ್ತೊಂದು. ಸಾಕ್ಷಿಗಳು ಒಂದೇ ಮಾತು ಹೇಳಿದರೆ ತಾರೀಖು ಗಟ್ಟಿ. ಈ ಲೆಕ್ಕ ನೋಡೋದಕ್ಕೇ ಸೀವೆಲ್ಲೂ ಶಂಕರ ಬಾಲಕೃಷ್ಣ ದೀಕ್ಷಿತರೂ ಸೇರಿ 1896ರಲ್ಲಿ ಭಾರತದ ಪಂಚಾಂಗದ ಮೇಲೆ ದೊಡ್ಡ ಪುಸ್ತಕ ಮಾಡಿದರು. ಮದ್ರಾಸಿನ ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಇಸವಿ 700ರಿಂದ 1799ರವರೆಗೆ ದಿನದಿನದ ಪಟ್ಟಿಯನ್ನೇ ಸಂಪುಟಗಳಾಗಿ ತಂದರು. ಶಾಸನ ಓದೋ ವಿದ್ವಾಂಸರು ಇವತ್ತಿಗೂ ಅವನ್ನ ತೆಗೆದು ನೋಡ್ತಾರೆ.

ಹಾಗಂತ ಹಳೇದೆಲ್ಲಾ ಚಿನ್ನ ಅಂತ ನಾನು ಹೇಳಲ್ಲ. ಸಂವತ್ಸರದ ಹೆಸರು ಒಂದನ್ನೇ ನಂಬಿದರೆ ಮೋಸ ಹೋಗ್ತೀವಿ. ಸಂವತ್ಸರ ಅರವತ್ತೇ. ಚಕ್ರ ತಿರುಗಿ ಅದೇ ಹೆಸರು ಮತ್ತೆ ಬರುತ್ತೆ. ನಮ್ಮ ಸೀಮೆಯ ಮುದುಕರು ಧಾತು ಈಶ್ವರದ ಬರ ಅಂತ ಹೇಳ್ತಿದ್ದರು. ನಾವು ಹಾಡೋ ಪದಗಳಲ್ಲೂ ಬರದ ಮಾತು ಬಂದರೆ ಇಸವಿ ಇರಲ್ಲ, ಸಂವತ್ಸರದ ಹೆಸರೇ ಇರುತ್ತೆ. ಧಾತು 1876-77, ಈಶ್ವರ 1877-78. ಆಗ ಅನಂತಪುರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. 1882ರಲ್ಲಿ ಬಳ್ಳಾರಿಯಿಂದ ಬೇರೆ ಆದದ್ದು ಅದು. ಬಳ್ಳಾರಿ, ಕರ್ನೂಲು, ಕಡಪ, ಮೈಸೂರು ಸೀಮೆ ಎಲ್ಲಾ ಕಡೆ ಜನ ದನ ಸತ್ತರು, ಊರಿಗೆ ಊರೇ ಗುಳೆ ಹೋಯಿತು. ಆದರೆ ಧಾತು ಮತ್ತೆ 1936ರಲ್ಲಿ ಬಂತು, 1996ರಲ್ಲೂ ಬಂತು. ನಮ್ಮ ಅಜ್ಜಿ ಧಾತುವಿನಲ್ಲಿ ಹುಟ್ಟಿದ್ದು ಅಂತ ಒಬ್ಬ ಹುಡುಗ ಹೇಳಿದ. ಇನ್ನೊಬ್ಬ ಅವಳನ್ನ ಬರಗಾಲದಲ್ಲಿ ಹುಟ್ಟಿದವಳು ಅಂತ ಬರೆದುಬಿಟ್ಟ. ಆಕೆ ಹುಟ್ಟಿದ್ದು 1936ರ ಧಾತುವಿನಲ್ಲಿ. ಅರವತ್ತು ವರ್ಷದ ತಪ್ಪು.

ಕಂಪ್ಯೂಟರಿನವರೂ ಇದೇ ಗುಂಡಿಗೆ ಬಿದ್ದವರೇ. ಇಸವಿಯ ಕೊನೆಯ ಎರಡೇ ಅಂಕಿ ಬರೆಯೋ ರೂಢಿ ಮಾಡಿಕೊಂಡಿದ್ದರು. 2000 ಇಸವಿ ಬಂದಾಗ 00 ಅಂದ್ರೆ 1900 ಅಂತ ಯಂತ್ರಗಳು ತಿಳಿದುಬಿಡ್ತವೆ ಅಂತ ಲೋಕವೆಲ್ಲಾ ಗಾಬರಿಯಾಗಿ ತಿದ್ದುಪಡಿ ಮಾಡಿಸಿತು. ಈಗಲೂ ಎಕ್ಸೆಲ್ ಹಾಳೆಯಲ್ಲಿ ಎರಡೇ ಅಂಕಿ ಬರೆದರೆ, 00ರಿಂದ 29ರವರೆಗೆ 2000ದ ಲೆಕ್ಕಕ್ಕೆ, 30ರಿಂದ 99ರವರೆಗೆ 1900ರ ಲೆಕ್ಕಕ್ಕೆ ತಗೊಳ್ಳೋದು ಅದರ ರೂಢಿ. 1928ರಲ್ಲಿ ಹುಟ್ಟಿದ ತಾತನನ್ನು 28 ಅಂತ ಬರೆದರೆ ಅವನು 2028ರಲ್ಲಿ ಹುಟ್ಟಬೇಕಾದವನಾಗ್ತಾನೆ. ನಮಗೆ ಅರವತ್ತರ ಚಕ್ರ, ಅವರಿಗೆ ನೂರರ ಚಕ್ರ. ಕಾಯಿಲೆ ಒಂದೇ.

ಇನ್ನು ಫಸಲಿ. ಇದು ರೈತರ ವರ್ಷ, ಕಂದಾಯದ ವರ್ಷ. ಮೊಗಲರ ಕಾಲದಲ್ಲಿ ಬೆಳೆಯ ಲೆಕ್ಕಕ್ಕೆ ಹುಟ್ಟಿದ್ದು. ಮದ್ರಾಸ್ ಸೀಮೆಯಲ್ಲಿ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಕೊನೆ. ಅಡಂಗಲ್ಲು, ಜಮಾಬಂದಿ ಎಲ್ಲಾ ಫಸಲಿ ಲೆಕ್ಕದಲ್ಲೇ. ಫಸಲಿಗೆ 590 ಕೂಡಿಸಿದರೆ ಆ ಜುಲೈನ ಇಸವಿ ಬರುತ್ತೆ. ನಮ್ಮ ಹುಡುಗರಿಗೆ ಒಂದು ಹಳೇ ಸಿಸ್ತು ರಸೀದಿ ಸಿಕ್ಕಿತು. ಅದರ ಮೇಲೆ 1363 ಅಂತ ಇತ್ತು. ಒಬ್ಬ ಹುಡುಗ ಚಂಗನೆ ಹಾರಿ, "ತಾತ, ಇದು ಬುಕ್ಕರಾಯನ ಕಾಲದ್ದು!" ಅಂದ. ಬುಕ್ಕರಾಯ 1363ರಲ್ಲಿ ಆಳ್ತಿದ್ದದ್ದು ನಿಜವೇ. ಆದರೆ ಬುಕ್ಕರಾಯ ಅಚ್ಚು ಹಾಕಿದ ರಸೀದಿ ಎಲ್ಲಿ ಕೊಟ್ಟಾನು? ಅದು ಫಸಲಿ 1363, ಅಂದ್ರೆ 1953ರ ಜುಲೈನಿಂದ 1954ರ ಜೂನ್. ಅದೇ ವರ್ಷ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯ ಆದದ್ದು, ಬಳ್ಳಾರಿ ಮೈಸೂರಿಗೆ ಸೇರಿದ್ದು, ನಾವು ಈ ಕಡೆ ಉಳಿದದ್ದು. ಶಕ 1875, ವಿಜಯ ಸಂವತ್ಸರ. ಒಂದೇ ವರ್ಷಕ್ಕೆ ಮೂರು ಸಂಖ್ಯೆ, ಒಂದು ಹೆಸರು. ಯಾವ ಲೆಕ್ಕ ಅಂತ ಹೇಳದೆ ಬರೀ ಸಂಖ್ಯೆ ಇಟ್ಟರೆ ಬುಕ್ಕರಾಯ ಬಂದು ರಸೀದಿ ಕೊಡ್ತಾನೆ.

ಈ ಗೊಂದಲ ದೇಶಕ್ಕೆಲ್ಲಾ ಇತ್ತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅವರ ಮಾತಿನಂತೆ 1957ರ ಮಾರ್ಚ್ 22ರಿಂದ ಚೈತ್ರ 1, ಶಕ 1879 ಅಂತ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶವಾಣಿಯಲ್ಲಿ ಇಂಗ್ಲಿಷು ತಾರೀಖಿನ ಜೊತೆಗೆ ಹೇಳ್ತಾರಲ್ಲ, ಅದೇ.

ಈಗ ಕಂಪ್ಯೂಟರಿನ ಹಾಳೆಗೆ ಬರೋಣ. ಲೆಕ್ಕದ ಹಾಳೆ ಅನ್ನೋದು ಜನ ಮನೆಯಲ್ಲಿ ಇಟ್ಟುಕೊಳ್ಳೋ ಸಣ್ಣ ಕಂಪ್ಯೂಟರಿಗೆ ಬಂದದ್ದು 1979ರಲ್ಲಿ, ಅಮೆರಿಕದಲ್ಲಿ, ವಿಸಿಕ್ಯಾಲ್ಕ್ ಅನ್ನೋ ಹೆಸರಿನಲ್ಲಿ. 1983ರಲ್ಲಿ ಲೋಟಸ್ 1-2-3 ಬಂತು. 1985ರಲ್ಲಿ ಎಕ್ಸೆಲ್ ಬಂತು. ಈ ಹಾಳೆ ತಾರೀಖನ್ನು ತಾರೀಖಾಗಿ ಇಟ್ಟುಕೊಳ್ಳಲ್ಲ, ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತೆ. 1900ರ ಜನವರಿ 1 ಅಂದ್ರೆ ಒಂದು, ಜನವರಿ 2 ಅಂದ್ರೆ ಎರಡು. ಹಿಂಗೇ ಎಣಿಸ್ತಾ ಬಂದರೆ 15-8-1947 ಅಂದ್ರೆ 17,394. ನಮಗೆ ಮೇಲೆ ಕಾಣೋ 15-8-1947 ಬರೀ ವೇಷ. ಒಳಗಿರೋದು ಎಣಿಕೆ.

ಇದನ್ನ ಕೇಳಿ ಪಂಚಾಂಗದ ಅಯ್ಯನವರು ನಕ್ಕುಬಿಟ್ಟರು. "ಇದು ನಮ್ಮ ಅಹರ್ಗಣ ಕಣಯ್ಯಾ" ಅಂದರು. ಹೌದು, ನಮ್ಮ ಜ್ಯೋತಿಷಿಗಳು ಕಲಿಯುಗದ ಮೊದಲ ದಿನದಿಂದ ಕಳೆದ ದಿನಗಳನ್ನು ಎಣಿಸ್ತಾರೆ. ಅದಕ್ಕೆ ಅಹರ್ಗಣ ಅಂತ ಹೆಸರು. ಕಲಿಯುಗ ಶುರುವಾದದ್ದು ಕ್ರಿಸ್ತಪೂರ್ವ 3102ರ ಫೆಬ್ರವರಿ 18, ಶುಕ್ರವಾರ ಅಂತ ಅವರ ಲೆಕ್ಕ. ಆರ್ಯಭಟ ಕೂಡ ತನಗೆ 23 ವರ್ಷ ಆದಾಗ ಕಲಿಯುಗದಲ್ಲಿ 3600 ವರ್ಷ ಕಳೆದಿತ್ತು ಅಂತ ಇದೇ ಲೆಕ್ಕದಲ್ಲಿ ಹೇಳಿದ್ದಾನೆ. ಅಂದ್ರೆ ಇಸವಿ 499. ಆ ಎಣಿಕೆಯಲ್ಲಿ 15-8-1947ಕ್ಕೆ ಕಳೆದ ದಿನಗಳು 18,43,947. ಇದನ್ನ 7ರಿಂದ ಭಾಗಿಸಿ ನೋಡಿ, ಏನೂ ಮಿಗಲ್ಲ. ಮಿಗದಿದ್ದರೆ ಶುರುವಾದ ವಾರವೇ, ಅಂದ್ರೆ ಶುಕ್ರವಾರ. ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ. ಹಾಳೆಯ 17,394ನ್ನು 7ರಿಂದ ಭಾಗಿಸಿದರೆ 6 ಮಿಗುತ್ತೆ. ಅಲ್ಲಿ ಭಾನುವಾರ 1, ಶುಕ್ರವಾರ 6. ಅದೂ ಕೂಡಿತು. ಮಕ್ಕಳಿಗೆ ಈ ಲೆಕ್ಕ ಹಾಕಿಸಿ ಅಂತ ಮೇಷ್ಟ್ರುಗಳನ್ನ ಕೇಳ್ಕೊಳ್ತೀನಿ.

ನಮ್ಮವರ ಎಣಿಕೆ ಐದು ಸಾವಿರ ವರ್ಷ ಹಿಂದಕ್ಕೆ ಹೋಗುತ್ತೆ, ಎಕ್ಸೆಲ್ ಎಣಿಕೆ 1900ಕ್ಕೇ ನಿಲ್ಲುತ್ತೆ. ಬೇರೆ ಕೆಲವು ಹಾಳೆಗಳು ಇನ್ನೂ ಹಿಂದಕ್ಕೆ ಎಣಿಸ್ತವೆ. ಆದರೆ 1900ಕ್ಕೆ ನಿಲ್ಲೋ ಹಾಳೆಯಲ್ಲಿ 6-7-1827 ಅಂತ ಬರೆದರೆ ಅದು ತಾರೀಖಲ್ಲ, ಬರೀ ಅಕ್ಷರ. ಎಣಿಕೆ ಇರೋದು ಬಲಕ್ಕೆ ಒರಗುತ್ತೆ, ಅಕ್ಷರ ಎಡಕ್ಕೆ ಒರಗುತ್ತೆ. ಜೋಡಿಸು ಅಂದ್ರೆ ಎಣಿಕೆಗಳನ್ನೆಲ್ಲಾ ಮೊದಲು ಜೋಡಿಸಿ, ಅಕ್ಷರಗಳನ್ನ ಕೊನೆಗೆ ತಳ್ಳುತ್ತೆ. ಮನ್ರೋ ದೊರೆ 2022ರ ಕೆಳಗೆ ಹೋಗಿ ಕೂತದ್ದು ಇದಕ್ಕೆ. ಧಾತು ಬರವೂ ಅಲ್ಲಿಗೇ ಹೋಗುತ್ತೆ, ಕೃಷ್ಣದೇವರಾಯನೂ ಅಲ್ಲಿಗೇ.

ಇನ್ನೊಂದು ತಮಾಷೆ ಇದೆ. ಇಂಗ್ಲಿಷು ಪಂಚಾಂಗವನ್ನು 1582ರಲ್ಲಿ ಪೋಪರು ತಿದ್ದಿಸಿದರು, ಇಂಗ್ಲೆಂಡಿನವರು ಒಪ್ಪಿಕೊಂಡದ್ದು 1752ರಲ್ಲಿ. ಆ ತಿದ್ದುಪಡಿಯ ಪ್ರಕಾರ ನೂರಕ್ಕೆ ಮುಗಿಯೋ ಇಸವಿ 400ರಿಂದ ಭಾಗ ಹೋದರೆ ಮಾತ್ರ ಫೆಬ್ರವರಿಗೆ 29 ದಿನ. 2000ಕ್ಕೆ ಇತ್ತು, 1900ಕ್ಕೆ ಇರಲಿಲ್ಲ. ಆದರೆ ಲೋಟಸ್ ಹಾಳೆಯಲ್ಲಿ 1900ಕ್ಕೂ 29 ಅಂತ ಎಣಿಸಿದ್ದರು. ಆ ಹಾಳೆಗಳು ತಮ್ಮಲ್ಲೂ ತಿರುವುಮುರುವಾಗದೆ ನಡೀಲಿ ಅಂತ ಎಕ್ಸೆಲ್‌ನವರೂ ಅದನ್ನ ಹಂಗೇ ಉಳಿಸಿಕೊಂಡರು. ಹಂಗಾಗಿ ಲೋಕದಲ್ಲಿ ಯಾರೂ ಕಾಣದ ಒಂದು ದಿನ, 29-2-1900, ಇವತ್ತಿಗೂ ಆ ಎಣಿಕೆಯಲ್ಲಿ ಅರವತ್ತನೇ ದಿನವಾಗಿ ಕೂತಿದೆ. 1900ರ ಜನವರಿ 1 ಸೋಮವಾರ. ಆ ಹಾಳೆಯನ್ನ ಕೇಳಿದರೆ ಭಾನುವಾರ ಅನ್ನುತ್ತೆ. ಮಾರ್ಚ್ ತಿಂಗಳಿಂದ ವಾರ ಸರಿಹೋಗುತ್ತೆ. ಕಂಪ್ಯೂಟರಿಗೆ ತಪ್ಪಾಗಲ್ಲ ಅಂದಿದ್ದ ಹುಡುಗನಿಗೆ ಇದನ್ನ ಹೇಳಿದೆ. ಸುಮ್ಮನಾದ. ಹಂಪೆಯ ಕಲ್ಲಿನ ತಪ್ಪನ್ನು ಹಿಡಿದುಕೊಟ್ಟದ್ದು ಸಂವತ್ಸರ, ಈ ತಪ್ಪನ್ನು ಹಿಡಿದುಕೊಟ್ಟದ್ದು ವಾರ.

ಇದೆಲ್ಲಾ ದೊಡ್ಡೋರ ಚರಿತ್ರೆ ಆಯಿತು. ಇನ್ನು ಬಡವರ ಮನೆಗೆ ತಾಗೋ ಮಾತು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೀತೀವಿ. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ. ಕಂಪ್ಯೂಟರಿಗೆ ಯಾವ ದೇಶದ ರೂಢಿ ಕಲಿಸಿದ್ದಾರೋ ಅದರ ಪ್ರಕಾರ ಅದು ಓದುತ್ತೆ. ಅಮೆರಿಕದ ರೂಢಿಯ ಯಂತ್ರಕ್ಕೆ 25-7 ಕೊಟ್ಟರೆ ಇಪ್ಪತ್ತೈದನೇ ತಿಂಗಳು ಇಲ್ಲದ್ದರಿಂದ ಅಕ್ಷರ ಮಾಡಿ ಎಡಕ್ಕೆ ತಳ್ಳುತ್ತೆ, ನಮ್ಮ ಕಣ್ಣಿಗೆ ಬೀಳುತ್ತೆ. ಆದರೆ 7-1 ಕೊಟ್ಟರೆ ಜುಲೈ 1 ಅಂತ ಸದ್ದಿಲ್ಲದೆ ನುಂಗುತ್ತೆ. ಹನ್ನೆರಡರ ಒಳಗಿನ ತಾರೀಖೇ ಅಪಾಯ. ವರ್ಷದಲ್ಲಿ ಅಂಥ ದಿನಗಳು 144. ಅದರಲ್ಲಿ 1-1, 2-2 ಇಂಥ ಹನ್ನೆರಡು ಮಾತ್ರ ತಿರುವಿದರೂ ಒಂದೇ. ಮಿಕ್ಕ 132 ದಿನಗಳಲ್ಲಿ ಯಾವುದರಲ್ಲಿ ಹುಟ್ಟಿದ್ದರೂ ನಿಮ್ಮ ತಾರೀಖು ನಿಮಗೆ ಗೊತ್ತಾಗದೆ ಬದಲಾಗಬಹುದು.

ನಮ್ಮ ಬೀದಿಯ ಒಬ್ಬ ಅಕ್ಕನಿಗೆ ಹಿಂಗೇ ಆಯಿತು. ಆಕೆ ಹುಟ್ಟಿದ್ದು 7-1-1960, ಜನವರಿ ಏಳು. ಯಾವುದೋ ಒಂದು ಪಟ್ಟಿಯಲ್ಲಿ ಅದು ಜುಲೈ 1 ಆಗಿ ಕೂತಿತು. ಅರವತ್ತು ತುಂಬಿದವರಿಗೆ ಬರೋ ಪಿಂಚಣಿ ಆರು ತಿಂಗಳು ಹಿಂದಕ್ಕೆ ಹೋಯಿತು. ಕೂಲಿ ಮಾಡಿ ಬದುಕೋ ಹೆಂಗಸಿಗೆ ಆರು ತಿಂಗಳು ಅಂದ್ರೆ ಕಡಿಮೆಯಲ್ಲ. ಹೋಗಿ ಕೇಳಿದರೆ, ಕಂಪ್ಯೂಟರಿನಲ್ಲಿ ಹಿಂಗೇ ಇದೆ ಅನ್ನೋ ಉತ್ತರ. ಆಮೇಲೆ ಆಕೆಯ ಅಪ್ಪ ಹಳೇ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟದ್ದು ಸಿಕ್ಕಿತು. ವಿಕಾರಿ ಸಂವತ್ಸರ, ಬೇಸ್ತವಾರ, ಸಂಕ್ರಾಂತಿಗೆ ಒಂದು ವಾರ ಮುಂಚೆ ಅಂತ ಇತ್ತು. ಮೇಷ್ಟ್ರು ಲೆಕ್ಕ ಹಾಕಿದರು. 1960ರ ಜನವರಿ 7 ಬೇಸ್ತವಾರ. ಜುಲೈ 1 ಶುಕ್ರವಾರ, ಅಷ್ಟೊತ್ತಿಗೆ ವಿಕಾರಿ ಕಳೆದು ಶಾರ್ವರಿ ಬಂದಿತ್ತು, ಸಂಕ್ರಾಂತಿಯ ಮಾತೇ ಇಲ್ಲ. ಮೂರು ಸಾಕ್ಷಿಯೂ ಒಂದೇ ಕಡೆ ನಿಂತವು. ಅದನ್ನ ಬರೆದುಕೊಟ್ಟ ಮೇಲೆ ತಿದ್ದಿದರು. ಕಳೆದುಹೋದ ಆರು ತಿಂಗಳು ಮಾತ್ರ ಬರಲಿಲ್ಲ.

ಎಲ್ಲರಿಗೂ ಇಂಥ ಅಪ್ಪ ಇರಲ್ಲ. ನಮ್ಮ ಅವ್ವ ನಾನು ಹುಟ್ಟಿದ್ದು ಶಾರ್ವರಿ ಕಾರ್ತೀಕ, ಸೋಮವಾರ ಅಂತಿದ್ದಳು. ಅಂದ್ರೆ 1960ರ ಅಕ್ಟೋಬರು ಇಲ್ಲಾ ನವೆಂಬರು. ಇಸ್ಕೂಲಿನಲ್ಲಿ 1-6-1960 ಅಂತ ಬರೆದರು. ಆ ಕಾಲದಲ್ಲಿ ಇಸ್ಕೂಲು ತೆಗೆಯೋ ತಿಂಗಳೇ ಎಷ್ಟೋ ಮಕ್ಕಳ ಹುಟ್ಟಿದ ತಿಂಗಳು. ಅವ್ವನ ಮಾತು ಎಲ್ಲೂ ಬರೆದುಕೊಳ್ಳಲಿಲ್ಲ. ಅವಳು ಹೋದಳು, ಸಾಕ್ಷಿಯೂ ಹೋಯಿತು.

ಇನ್ನೊಂದು ಎಚ್ಚರ. ತಾರೀಖಲ್ಲದ್ದನ್ನೂ ಹಾಳೆ ತಾರೀಖು ಮಾಡುತ್ತೆ. ನಮ್ಮ ಆಂಧ್ರದಲ್ಲಿ ಮನೆ ನಂಬರು 3-12 ಅಂತ ಇರ್ತವೆ, ಸರ್ವೆ ನಂಬರು 5-2 ಅಂತ ಇರ್ತವೆ. ಗಡಿಯಾಚೆ ಬಾಗೇಪಲ್ಲಿ, ಗೌರಿಬಿದನೂರು ಕಡೆ 5/2 ಅಂತ ಗೀಟು ಹಾಕ್ತಾರೆ. ಎರಡನ್ನೂ ಹಾಳೆ ಫೆಬ್ರವರಿ 5 ಅಂತ ಓದುತ್ತೆ. ಸರಿಮಾಡ್ತೀನಿ ಅಂತ ಆಮೇಲೆ ಸಂಖ್ಯೆಗೆ ತಿರುಗಿಸಿದರೆ, 2024ರಲ್ಲಿ ಒತ್ತಿದ್ದಾದರೆ, 45327 ಅಂತ ಬರುತ್ತೆ. ನಿಮ್ಮ ಹೊಲ ಎಲ್ಲಿ ಅಂತ ಆ ಸಂಖ್ಯೆಯಲ್ಲಿ ಹುಡುಕ್ತೀರಿ? ಇದು ನಮ್ಮಂಥೋರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಜೀವಕಣದೊಳಗಿನ ಜೀನುಗಳಿಗೆ ವಿಜ್ಞಾನಿಗಳು ಮಾರ್ಚ್ 1, ಸೆಪ್ಟ್ 1 ಅನ್ನೋ ಥರದ ಚಿಕ್ಕ ಹೆಸರಿಟ್ಟಿದ್ದರು. ಹಾಳೆ ಅವನ್ನೂ ತಾರೀಖು ಮಾಡ್ತಾ ಇತ್ತು. ಕೊನೆಗೆ 2020ರಲ್ಲಿ ಹೆಸರಿಡೋ ಸಮಿತಿಯವರು ಜೀನುಗಳ ಹೆಸರನ್ನೇ ಬದಲಾಯಿಸಿದರು. ಓದಿದೋರೇ ಸೋತು ಹೆಸರು ಬದಲಿಸಿದರು. ನಾವು ಹೊಲದ ನಂಬರು ಬದಲಿಸೋಕಾಗಲ್ಲ. ಅದಕ್ಕೆ ನಾವೇ ಎಚ್ಚರ ಇರಬೇಕು.

ನಮ್ಮ ವಾಚನಾಲಯದಲ್ಲಿ ಈಗ ಏನು ಮಾಡ್ತೀವಿ ಅಂತ ಹೇಳಿ ಮುಗಿಸ್ತೀನಿ. ಮನೆ ನಂಬರು, ಸರ್ವೆ ನಂಬರಿನ ಕಾಲಂ ಅನ್ನು ಬರೆಯೋಕೆ ಮುಂಚೆಯೇ ಟೆಕ್ಸ್ಟ್ ಅಂತ ಮಾಡಿಕೊಳ್ತೀವಿ. ಬರೆದ ಮೇಲೆ ಮಾಡಿದರೆ ಕೆಟ್ಟದ್ದು ಕೆಟ್ಟಿರುತ್ತೆ. ಒಂದೆರಡೇ ಆದರೆ ಮೊದಲಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ ಬರೆದರೂ ಸಾಕು. ಕಾಗದದಲ್ಲಿ ಬರೆಯೋವಾಗ ತಿಂಗಳನ್ನ ಅಂಕಿಯಲ್ಲಿ ಬರೆಯಲ್ಲ, ಹೆಸರಲ್ಲಿ ಬರೀತೀವಿ, ಇಸವಿ ನಾಲ್ಕು ಅಂಕಿ. ಚರಿತ್ರೆಯ ಪಟ್ಟಿಯಲ್ಲಿ ಇಸವಿ, ತಿಂಗಳು, ದಿನ ಅಂತ ಮೂರು ಬೇರೆ ಬೇರೆ ಕಾಲಂ ಮಾಡಿದ್ದೀವಿ. ಮನ್ರೋ ದೊರೆಗೆ 1827, 7, 6. ಈಗ ಜೋಡಿಸಿದರೆ ದೊರೆ ತಮ್ಮ ಜಾಗದಲ್ಲಿ ಮೇಲೆ ಕೂರ್ತಾರೆ. ವರ್ಷ, ತಿಂಗಳು, ದಿನ ಅನ್ನೋ ಈ ಕ್ರಮವನ್ನೇ ಲೋಕದ ಅಳತೆಗಳ ಸಂಸ್ಥೆಯವರೂ 1988ರಲ್ಲಿ ಒಂದೇ ನಿಯಮವಾಗಿ ತಂದರು ಅಂತ ಮೇಷ್ಟ್ರು ಹೇಳಿದರು. ದೊಡ್ಡದರಿಂದ ಚಿಕ್ಕದಕ್ಕೆ, ನಮ್ಮ ಶಾಸನದ ವರಸೆಯೇ.

ಇದರ ಜೊತೆಗೆ ಇನ್ನೊಂದು ಕಾಲಂ ಇಟ್ಟಿದ್ದೀವಿ. ಅದರ ಹೆಸರು "ಹೇಳಿದ್ದು ಹೇಳಿದಂಗೆ". ಶಾಸನದಲ್ಲಿ ಶಕ, ಸಂವತ್ಸರ, ವಾರ ಇದ್ದರೆ ಅದು ಹಂಗೇ. ರಸೀದಿಯಲ್ಲಿ ಫಸಲಿ ಇದ್ದರೆ ಫಸಲಿ ಅಂತ ಸೇರಿಸಿ. ಅಜ್ಜಿ ಬಾಯಿಂದ ಬಂದದ್ದು ಧಾತು ಅಂತಲೋ, ಊರ ಹಬ್ಬದ ಮಾರನೇ ದಿನ ಅಂತಲೋ ಇದ್ದರೆ ಅದೂ ಹಂಗೇ. ತಿದ್ದಬಾರದು, ಅಳಿಸಬಾರದು. ಲೆಕ್ಕ ಹಾಕಿ ಬಂದ ಇಸವಿ ನಾಳೆ ತಪ್ಪು ಅಂತ ಗೊತ್ತಾದರೆ, ಮತ್ತೆ ಲೆಕ್ಕ ಹಾಕೋಕೆ ಆ ಮಾತು ಇರಬೇಕು.

ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನೀನು ಹುಟ್ಟಿದ್ದು ಯಾವ ಸಂವತ್ಸರ, ಯಾವ ವಾರ, ಆಗ ಹೊಲದಲ್ಲಿ ಏನಿತ್ತು, ರಾಗಿ ಕೊಯ್ದಿದ್ದರೋ ಕಡ್ಲೆಕಾಯಿ ಕೀಳ್ತಿದ್ದರೋ ಅಂತ ಕೇಳಿ ಬರೆದು ವಾಚನಾಲಯಕ್ಕೆ ತಂದುಕೊಡಿ. ಲೆಕ್ಕ ಹಾಕೋದು ನಮ್ಮ ಹುಡುಗರಿಗೆ ಬಿಡಿ. ನಮ್ಮ ಅವ್ವನನ್ನ ಕೇಳೋಕೆ ನನಗೆ ಬಹಳ ದಿನ ಇತ್ತು. ಕೇಳಬೇಕು ಅಂತ ತಿಳಿದದ್ದು ಅವಳು ಹೋದ ಮೇಲೆ.